ಯಾವುದು ಎಲ್ಲಿರಬೇಕೋ ಅಲ್ಲಿ



ಕಳೆದ ತಿಂಗಳು ನನ್ನ ಗಣಕಯಂತ್ರದ ಲಿನಕ್ಸ್ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದೆನು. ಮರುದಿನ ಬರೆಯಲು ಕುಳಿತರೆ, ನನ್ನ ಅಭ್ಯಾಸಕ್ಕೆ ತಕ್ಕಂತೆ ತಿದ್ದಿಕೊಂಡಿದ್ದ ಕನ್ನಡ ಕೀಲಿಮಣೆಯ ವಿನ್ಯಾಸವೇ ಮಾಯವಾಗಿತ್ತು. ತಪ್ಪು ನನ್ನದೇ. ವ್ಯವಸ್ಥೆಯು ತನಗಾಗಿ ಮೀಸಲಿಟ್ಟಿದ್ದ 'ಯುಎಸ್‌ಆರ್' ಎಂಬ ಕೋಶದೊಳಗಿನ ಕಡತವನ್ನೇ ನಾನು ತಿದ್ದಿದ್ದೆ. ಹೊಸ ಆವೃತ್ತಿ ತನ್ನ ಮನೆಯನ್ನು ಗುಡಿಸಿ ಸಾರಿಸಿತು. ನನ್ನ ತಿದ್ದುಪಡಿ ಕಸದೊಡನೆ ಹೋಯಿತು.

ಯಾವ ಕಡತ ಎಲ್ಲಿರಬೇಕೆಂಬುದಕ್ಕೆ ಲಿನಕ್ಸ್ ಲೋಕದಲ್ಲಿ ಒಂದು ಲಿಖಿತ ಮಾನಕವಿದೆ. ಅದರ ಮೊದಲ ರೂಪ 1994ರ ಫೆಬ್ರವರಿಯಲ್ಲಿ ಹೊರಬಂದಿತು. ಮುಂದೆ 'ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್' ಎಂಬ ಹೆಸರು ಪಡೆಯಿತು. ಯಂತ್ರದ ಹೊಂದಿಕೆಗಳು 'ಇಟಿಸಿ'ಯಲ್ಲಿ, ದಿನದಿನವೂ ಬದಲಾಗುವ ದಾಖಲೆಗಳು 'ವಾರ್'ನಲ್ಲಿ, ಬಳಕೆದಾರರ ಸ್ವಂತ ಕಡತಗಳು 'ಹೋಮ್'ನಲ್ಲಿ, ಯಂತ್ರದ ಒಡೆಯನು ತಾನಾಗಿ ಸೇರಿಸಿದ್ದು 'ಯುಎಸ್‌ಆರ್'ನ ಒಳಗಿನ 'ಲೋಕಲ್'ನಲ್ಲಿ. ಈ 'ಲೋಕಲ್'ಗೆ ವ್ಯವಸ್ಥೆಯ ನವೀಕರಣ ಕೈಹಾಕಬಾರದೆಂಬುದು ಮಾನಕದ ಕಟ್ಟಳೆ.

"ಕೆಲಸ ನಡೆಯುತ್ತಿರುವಾಗ ಜಾಗ ಬದಲಿಸುವ ಗೊಡವೆ ಏಕೆ?" ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಶಾಲೆಯ ಕಚೇರಿಯ ಪ್ರಸಂಗವೊಂದನ್ನು ಹೇಳಬೇಕು. ನಮ್ಮ ಗುಮಾಸ್ತರು ಬಹು ದಕ್ಷರು. ಯಾವ ಕಾಗದ ಕೇಳಿದರೂ ಕ್ಷಣದಲ್ಲಿ ತೆಗೆದುಕೊಡುತ್ತಿದ್ದರು. ಆದರೆ ಆ ಕ್ರಮವು ಅವರ ತಲೆಯಲ್ಲಿ ಮಾತ್ರ ಇತ್ತು. ಅವರು ನಿವೃತ್ತರಾದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬನು ಜನ್ಮದಿನಾಂಕದ ದಾಖಲೆ ಬೇಡಿ ಬಂದನು. ಅವನ ವರ್ಷದ ಅಡ್ಮಿಷನ್ ರಿಜಿಸ್ಟರ್ ಮೂರು ದಿನ ಹುಡುಕಿದರೂ ಸಿಗಲಿಲ್ಲ. ಕಡೆಗೆ ಆಟದ ಸಾಮಾನುಗಳ ಬೀರುವಿನಲ್ಲಿ ದೊರೆಯಿತು. ಅಷ್ಟರಲ್ಲಿ ಅವನ ಉದ್ಯೋಗದ ಅರ್ಜಿಯ ಗಡುವು ಮುಗಿದಿತ್ತು. ಅವನು ಒಂದು ಮಾತನ್ನೂ ಆಡದೆ ಕೈಮುಗಿದು ಹೊರಟುಹೋದನು. ಆ ಮೌನ ನನ್ನನ್ನು ಇಂದಿಗೂ ಚುಚ್ಚುತ್ತದೆ. ಒಬ್ಬರ ನೆನಪಿನ ಮೇಲೆ ನಿಂತ ವ್ಯವಸ್ಥೆಯು ಅವರು ಎದ್ದುಹೋದ ದಿನವೇ ಕುಸಿಯುತ್ತದೆ.

ಆದ್ದರಿಂದ ಮಾನಕಕ್ಕೆ ಒಗ್ಗಿಸುವುದು ಸರಿ. ಒಗ್ಗಿಸುವ ಬಗೆಯೂ ಸರಿಯಿರಬೇಕು. ಡೆಬಿಯನ್ ಎಂಬ ಲಿನಕ್ಸ್ ಬಳಗವು 1999ರಲ್ಲಿ ಈ ಕಾರ್ಯಕ್ಕೆ ಕೈಹಾಕಿತು. 'ಯುಎಸ್‌ಆರ್'ನ 'ಡಾಕ್' ಕೋಶದಲ್ಲಿದ್ದ ಕೈಪಿಡಿಗಳೆಲ್ಲ 'ಶೇರ್' ಎಂಬುದರೊಳಗಿನ 'ಡಾಕ್'ಗೆ ಹೋಗಬೇಕಾಗಿತ್ತು. ಏಕೆಂದರೆ ಯಾವ ಬಗೆಯ ಯಂತ್ರದಲ್ಲಾದರೂ ಬದಲಾಗದ ಕಡತಗಳಿಗೆ ಮಾನಕವು ಗೊತ್ತುಮಾಡಿದ ಸ್ಥಳವದು. ಸಾವಿರಾರು ತಂತ್ರಾಂಶಗಳನ್ನು ಒಂದೇ ರಾತ್ರಿಯಲ್ಲಿ ಸಾಗಿಸಲಾಗದು. ಅದಕ್ಕಾಗಿ ಅವರು ಹಳೆಯ ಜಾಗದಲ್ಲಿ ಹೊಸ ಜಾಗವನ್ನು ತೋರುವ ಕೊಂಡಿಯೊಂದನ್ನು ಉಳಿಸಿದರು. ಮನೆ ಬದಲಿಸಿದವರು ಹಳೆಯ ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸುವುದಿಲ್ಲವೇ, ಹಾಗೆ! 2012ರಲ್ಲಿ ಫೆಡೋರಾ, ಬಹು ವಾದವಿವಾದಗಳ ನಂತರ 2023ರಲ್ಲಿ ಡೆಬಿಯನ್, ಮೂಲದಲ್ಲಿದ್ದ 'ಬಿನ್' ಕೋಶವನ್ನು 'ಯುಎಸ್‌ಆರ್'ನೊಳಗಿನ 'ಬಿನ್'ನೊಡನೆ ಕೂಡಿಸಿದಾಗಲೂ ಇಂತಹ ಕೊಂಡಿಯೇ ಹಳೆಯ ವಿಳಾಸವನ್ನು ಕಾಪಾಡಿತು.

ಮಾನಕವೂ ಕಿವಿಗೊಡಬೇಕು. ಚಾಲನೆಯಲ್ಲಿರುವ ವ್ಯವಸ್ಥೆಯ ತಾತ್ಕಾಲಿಕ ಮಾಹಿತಿಗೆಂದು 'ರನ್' ಎಂಬ ಕೋಶವನ್ನು ಹಲವು ಬಳಗಗಳು ಮೊದಲೇ ಬಳಸತೊಡಗಿದ್ದವು. 2015ರ ಮೂರನೆಯ ಆವೃತ್ತಿ ಅದನ್ನು ಅಂಗೀಕರಿಸಿತು. ನಡೆದ ದಾರಿಯನ್ನು ನೋಡಿ ನಿಯಮ ಬರೆಯುವುದು ನಿಯಮಕ್ಕೆ ಅವಮಾನವಲ್ಲ.

ನನ್ನ ಕೀಲಿಮಣೆಯನ್ನು ಎರಡು ಸಂಜೆ ಕುಳಿತು ಮತ್ತೆ ಸಿದ್ಧಪಡಿಸಿದೆನು. ಈ ಬಾರಿ ತಿದ್ದಿದ ಪ್ರತಿಯೊಂದನ್ನು ನನ್ನ 'ಹೋಮ್'ನಲ್ಲಿಯೂ ಇರಿಸಿ, ಎಲ್ಲಿದೆಯೆಂದು ಬರೆದ ಕಾಗದವನ್ನು ಮೇಜಿನ ಸೆಳೆಖಾನೆಯಲ್ಲಿ ಇಟ್ಟಿದ್ದೇನೆ. ನಿಮ್ಮಲ್ಲಿ ಅನೇಕರು ಇಂದು ಇಂತಹ ವ್ಯವಸ್ಥೆಗಳನ್ನು ಕಟ್ಟುವ ಉದ್ಯೋಗದಲ್ಲಿದ್ದೀರಿ. ನೀವು ಎದ್ದುಹೋದ ಮೇಲೆ ಆ ಕುರ್ಚಿಯಲ್ಲಿ ಕೂರುವವನು ನಿಮ್ಮನ್ನು ಹುಡುಕಿಕೊಂಡು ಬರುವಂತಾಗಬಾರದು. ಈ ಹಳೆಯ ಮೇಷ್ಟರು ಕೊಡುವ ಮನೆಗೆಲಸ ಇಷ್ಟೇ.