ಸಭೆಯ ನಿರ್ಧಾರ ಯಾರ ಕೈಯಲ್ಲಿ?

ಮಲ್ಲೇಶ್ವರದ ಸಂತ ಪೇತ್ರರ ಗುರುಮಠಕ್ಕೂ ಚಾಮರಾಜಪೇಟೆಯ ಸೇಂಟ್ ಲ್ಯೂಕ್ಸ್ ಚರ್ಚ್‌ಗೂ ಕೆಲವೇ ಕಿಲೋಮೀಟರುಗಳ ಅಂತರ. ಆದರೆ ಕ್ರೈಸ್ತ ಸಭೆಯ ಪರವಾಗಿ ತೀರ್ಮಾನ ಕೈಗೊಳ್ಳುವ ಅಧಿಕಾರ ಯಾರಿಗೆ ಸೇರಬೇಕು ಎಂಬ ಪ್ರಶ್ನೆಗೆ ಇವೆರಡು ಪ್ರತಿನಿಧಿಸುವ ಪರಂಪರೆಗಳು ನೀಡುವ ಉತ್ತರ ತೀರಾ ಭಿನ್ನ. ಒಂದು ಅಧಿಕಾರವನ್ನು ದೀಕ್ಷೆಗೆ ಒಪ್ಪಿಸಿದೆ. ಮತ್ತೊಂದು ಅದನ್ನು ಬಹುಮಟ್ಟಿಗೆ ಮತಪೆಟ್ಟಿಗೆಗೆ ಒಪ್ಪಿಸಿದೆ. ಕಳೆದ ಒಂದು ದಶಕದ ಘಟನೆಗಳನ್ನು ನೋಡಿದರೆ ಎರಡೂ ಉತ್ತರಗಳು ಸೋತಿವೆ ಎಂದೇ ಹೇಳಬೇಕಾಗುತ್ತದೆ.

ಕಥೋಲಿಕ ವ್ಯವಸ್ಥೆಯನ್ನೇ ಮೊದಲು ಗಮನಿಸೋಣ. ಪುದುಚೇರಿಯಿಂದ 1934ರಲ್ಲಿ ಬೆಂಗಳೂರಿಗೆ ಬಂದ ಗುರುಮಠದಲ್ಲಿ ಗುರು ಅಭ್ಯರ್ಥಿಗಳು ತತ್ವಶಾಸ್ತ್ರ ಹಾಗೂ ದೇವತಾಶಾಸ್ತ್ರಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಈ ಕಠಿಣ ತರಬೇತಿಯ ಹಿಂದಿರುವ ನಂಬಿಕೆ, ದೀಕ್ಷೆ ಪಡೆದವನು ಆಧ್ಯಾತ್ಮಿಕವಾಗಿ ಪಕ್ವಗೊಂಡಿರುತ್ತಾನೆ, ಆದ್ದರಿಂದ ಕೊನೆಯ ಮಾತು ಅವನದೇ ಎಂಬುದು. 1983ರ ಕ್ಯಾನನ್ ಕಾನೂನು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು ವಿಧಿಸಿದೆ ನಿಜ. ಆದರೆ ಅದು ಗುರುಗಳಿಗೆ ನೆರವಾಗುವ ಸಮಿತಿ. ಪಾಲನಾ ಸಮಿತಿಯದು ಸಲಹೆಯ ಮತ ಮಾತ್ರ. ಅದನ್ನು ರಚಿಸಬೇಕೋ ಬೇಡವೋ ಎಂಬುದೂ ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟ ವಿಷಯ. ಭಾನುವಾರ ಕಾಣಿಕೆ ಹಾಕುವ ಶ್ರೀಸಾಮಾನ್ಯನು ಅಭಿಪ್ರಾಯ ಹೇಳಬಹುದೇ ಹೊರತು ನಿರ್ಧರಿಸಲಾರ.

ದೀಕ್ಷೆಯೇ ಪಕ್ವತೆಗೆ ಖಾತರಿಯೆಂಬ ಈ ನಂಬಿಕೆಗೆ ಬಿದ್ದ ಅತಿ ದೊಡ್ಡ ಪೆಟ್ಟು ಅದೇ ಗುರುಮಠದ ಆವರಣದಲ್ಲೇ ಸಂಭವಿಸಿತು. 2013ರ ಈಸ್ಟರ್‌ನ ಮರುದಿನ, ಏಪ್ರಿಲ್ 1ರಂದು, ಗುರುಮಠದ ರೆಕ್ಟರ್ ಫಾದರ್ ಕೆ.ಜೆ. ಥಾಮಸ್ ಅವರು ಕೊಲೆಯಾದ ಸ್ಥಿತಿಯಲ್ಲಿ ಪತ್ತೆಯಾದರು. ಮರುವರ್ಷ ಪೊಲೀಸರು ಬಂಧಿಸಿದವರಲ್ಲಿ ಗುರುಗಳೂ ಇದ್ದರು. ಆರೋಪ ಅಪರಾಧವಲ್ಲ, ಅದರ ತೀರ್ಪು ನ್ಯಾಯಾಲಯದ್ದು. ಆದರೆ ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿ ಕನ್ನಡಕ್ಕೂ ಕನ್ನಡಿಗ ಗುರುಗಳಿಗೂ ಸಲ್ಲಬೇಕಾದ ಸ್ಥಾನದ ಕುರಿತ ದಶಕಗಳ ಕಲಹವನ್ನು ಬಲ್ಲವರಿಗೆ ಒಂದು ಸಂಗತಿ ಹೊಳೆಯದೆ ಇರದು. ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕು, ಯಾರು ನಾಯಕರಾಗಬೇಕು ಎಂಬ ಪ್ರಶ್ನೆಗಳನ್ನು ಚರ್ಚಿಸಿ ಬಗೆಹರಿಸಲು ಶ್ರೀಸಾಮಾನ್ಯರಿಗೆ ಅಧಿಕಾರವುಳ್ಳ ವೇದಿಕೆಯೇ ಇರಲಿಲ್ಲ. ಮನವಿ ಪತ್ರ, ಅದು ಫಲಿಸದಿದ್ದರೆ ಬೀದಿ: ಉಳಿದ ದಾರಿ ಇವೆರಡೇ.

ಹಾಗಾದರೆ ಚುನಾವಣೆಯೇ ಮದ್ದೇ? 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಆ ದಾರಿ ಹಿಡಿಯಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರೆಗೇಷನಲ್ ಪರಂಪರೆಗಳು ಒಂದಾದಾಗ ಬಿಷಪ್ಪರ ಪದವಿಯೂ ಉಳಿಯಿತು, ಸಾಮಾನ್ಯ ಸದಸ್ಯರ ಮತವೂ ಉಳಿಯಿತು. ಸ್ಥಳೀಯ ಸಮಿತಿಯಿಂದ ಸಿನೊಡ್‌ವರೆಗೆ ಸದಸ್ಯರಿಗೆ ಸ್ಥಾನವಿದೆ. ಬಿಷಪ್ ಹುದ್ದೆಗೆ ಹೆಸರುಗಳ ಪಟ್ಟಿಯನ್ನು ಪ್ರಾಂತ್ಯದ ಪರಿಷತ್ತು ಮತದಾನದಿಂದಲೇ ಸಿದ್ಧಪಡಿಸುತ್ತದೆ. ಕಾಗದದ ಮೇಲೆ ಇದಕ್ಕಿಂತ ಸುಂದರ ವ್ಯವಸ್ಥೆ ಮತ್ತೊಂದಿಲ್ಲ.

ಮತವಿದ್ದಲ್ಲಿ ಬಣ ಹುಟ್ಟಿತು. ಚರ್ಚಿನ ಆಸ್ತಿಯ ಒಡೆತನ ಹೊಂದಿರುವ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಕಂಪನಿ ಕಾಯ್ದೆಯಡಿ ನೋಂದಾಯಿತ ಸಂಸ್ಥೆ. ನಗರದ ನಡುವಣ ನೆಲದ ಬೆಲೆ ಬಲ್ಲವರಿಗೆ ಈ ಸಮಿತಿಗಳಿಗೆ ಅಷ್ಟೊಂದು ಪೈಪೋಟಿ ಏಕೆಂದು ಬಿಡಿಸಿ ಹೇಳಬೇಕಿಲ್ಲ. 2022ರಲ್ಲಿ ಬಿಷಪ್ಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸಲು ಸಂವಿಧಾನ ತಿದ್ದುಪಡಿಗೆ ಹೊರಟಾಗ ವ್ಯಾಜ್ಯ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಆ ನ್ಯಾಯಾಲಯ ಸಿನೊಡ್ ಆಡಳಿತಕ್ಕೆ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ಆಡಳಿತಾಧಿಕಾರಿಗಳನ್ನಾಗಿ ನೇಮಿಸಿತು; ವಿವಾದ ಸುಪ್ರೀಂ ಕೋರ್ಟನ್ನೂ ತಲುಪಿತು. ಪವಿತ್ರಾತ್ಮನ ಪ್ರೇರಣೆಯಿಂದ ನಿರ್ಧರಿಸುತ್ತೇವೆ ಎನ್ನುವ ಸಭೆಗೆ ಇದಕ್ಕಿಂತ ಮುಜುಗರದ ಸಂಗತಿ ಬೇರೆ ಬೇಕೆ?

ಈ ಮುಜುಗರ ಕ್ರೈಸ್ತರೊಬ್ಬರ ಸ್ವತ್ತೇನೂ ಅಲ್ಲ. 1915ರಲ್ಲಿ ಸ್ಥಾಪನೆಯಾದ, ಚಾಮರಾಜಪೇಟೆಯಲ್ಲೇ ಇರುವ ಕನ್ನಡ ಸಾಹಿತ್ಯ ಪರಿಷತ್ತಿನ ಚುನಾವಣೆಗಳನ್ನು ಕಂಡವರು, ಸಾಹಿತ್ಯಕ್ಕೂ ಮತಗಳಿಕೆಗೂ ಇರುವ ನಂಟನ್ನು ಕುರಿತು ನಿಟ್ಟುಸಿರು ಬಿಟ್ಟೇ ಇರುತ್ತಾರೆ.

ಪಕ್ವತೆಯನ್ನು ಪ್ರಮಾಣಪತ್ರದಿಂದಾಗಲಿ ಬಹುಮತದಿಂದಾಗಲಿ ಅಳೆಯಲಾಗದು. ಆದ್ದರಿಂದಲೇ ವಿಷಯಗಳನ್ನು ವಿಂಗಡಿಸುವುದು ಲೇಸೆಂದು ನನಗೆ ತೋರುತ್ತದೆ. ಬೋಧನೆ, ಸಂಸ್ಕಾರಗಳಲ್ಲಿ ದೀಕ್ಷಿತರ ಮಾತೇ ಅಂತಿಮವಾಗಲಿ. ಅದಕ್ಕೆ ಅವರು ತರಬೇತಾಗಿದ್ದಾರೆ. ನೆಲ, ಬಾಡಿಗೆ, ಶಾಲೆಯ ಶುಲ್ಕ, ನೇಮಕಾತಿಗಳಲ್ಲಿ ಮಾತ್ರ ಸದಸ್ಯರ ಒಪ್ಪಿಗೆ ಕಡ್ಡಾಯವಾಗಿ, ಲೆಕ್ಕಪತ್ರ ಬಹಿರಂಗವಾಗಲಿ. ಭಾಷೆಯಂಥ ಪ್ರಶ್ನೆ ಇವೆರಡರ ನಡುವೆ ನಿಲ್ಲುತ್ತದೆ. ಅಲ್ಲಿ ಒಬ್ಬರೇ ನಿರ್ಧರಿಸುವುದು ಅನ್ಯಾಯ, ತಲೆಯೆಣಿಕೆಯೊಂದರಿಂದಲೇ ನಿರ್ಧರಿಸುವುದೂ ಅನ್ಯಾಯ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲೂ ವಿವಾದ ಹುಟ್ಟಿದ್ದು ಗ್ರೀಕ್ ಮಾತನಾಡುವ ವಿಧವೆಯರಿಗೆ ಅನ್ನ ಸರಿಯಾಗಿ ಹಂಚಿಕೆಯಾಗದ ಕಾರಣಕ್ಕೆ. ಅಂದು ಏಳು ಮಂದಿಯನ್ನು ಆರಿಸಿದ್ದು ಸಭೆ, ತಲೆಯ ಮೇಲೆ ಕೈಯಿಟ್ಟು ನೇಮಿಸಿದ್ದು ಅಪೊಸ್ತಲರು. ಆರಿಸಲ್ಪಟ್ಟವರೆಲ್ಲ ಗ್ರೀಕ್ ಹೆಸರಿನವರೆಂಬುದು ನಮ್ಮ ಭಾಷಾ ಜಗಳಗಂಟರು ಗಮನಿಸತಕ್ಕ ವಿಚಾರ.

ಪೋಪ್ ಫ್ರಾನ್ಸಿಸ್ 2021ರಲ್ಲಿ ಆರಂಭಿಸಿದ ಸಿನೊಡ್ ಪ್ರಕ್ರಿಯೆ 2024ರ ಅಕ್ಟೋಬರ್‌ನಲ್ಲಿ ಅಂತಿಮ ದಾಖಲೆಯನ್ನು ಅಂಗೀಕರಿಸಿತು. ಪಾಲನಾ ಸಮಿತಿಗಳು ಕಡ್ಡಾಯವಾಗಬೇಕು, ‘ಕೇವಲ ಸಲಹೆ’ ಎಂಬ ಕಾನೂನಿನ ಪರಿಭಾಷೆ ಮರುಪರಿಶೀಲನೆಗೆ ಒಳಗಾಗಬೇಕು ಎಂದು ಅದು ಹೇಳಿದೆ. ಇದರ ಅನುಷ್ಠಾನವನ್ನು ಪರಾಮರ್ಶಿಸಲು 2028ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಸಭೆ ಸೇರುವುದೆಂದು ಘೋಷಣೆಯಾಗಿದೆ. ಅಷ್ಟರೊಳಗೆ ಬೆಂಗಳೂರಿನ ಎಷ್ಟು ಧರ್ಮಕೇಂದ್ರಗಳು ತಮ್ಮ ಜಮಾ ಖರ್ಚನ್ನು ಚರ್ಚಿನ ಬಾಗಿಲ ಬಳಿಯ ಫಲಕಕ್ಕೆ ಅಂಟಿಸಿರುತ್ತವೆ ಎಂಬುದನ್ನು ನೋಡಲು ರೋಮ್‌ವರೆಗೆ ಹೋಗಬೇಕಿಲ್ಲ.