ಆಪರೇಷನ್ ಬೇಡ ಎಂದು ಹೇಳುವ ಸಂಶೋಧನೆಗೆ ದುಡ್ಡು ಕೊಡುವವರು ಯಾರು?

ಮಾದಾಪುರ, ಕೊಂಡಾಪುರ, ಗಚ್ಚಿಬೌಲಿ ಭಾಗದ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡ ಮಾತನಾಡುವ ಹಿರಿಯರು ಈಗ ಸಾಕಷ್ಟು ಮಂದಿ ಇದ್ದಾರೆ. ಮಗನಿಗೋ ಸೊಸೆಗೋ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ನಿವೃತ್ತರಾದ ತಂದೆ ರಾಯಚೂರು, ಕಲಬುರಗಿ, ಹುಬ್ಬಳ್ಳಿ ಕಡೆಯಿಂದ ಬಂದು ಜೊತೆಗಿರುತ್ತಾರೆ. ಇಂಥ ಹಿರಿಯರಿಗೆ ವರ್ಷಕ್ಕೊಮ್ಮೆ ಲ್ಯಾಬಿನ ‘ಪ್ಯಾಕೇಜ್’ ತಪಾಸಣೆ ಮಾಡಿಸುವುದು ಅನೇಕ ಮನೆಗಳಲ್ಲಿ ವಾಡಿಕೆ. ಸಕ್ಕರೆ, ಕೊಲೆಸ್ಟರಾಲ್ ಜೊತೆಗೆ ಪಿಎಸ್‌ಎ ಎಂಬ ರಕ್ತಪರೀಕ್ಷೆಯೂ ಕೆಲವದರಲ್ಲಿ ಸೇರಿರುತ್ತದೆ. ಅಂಕಿ 4 ದಾಟಿತೋ, ಮನೆಯಲ್ಲಿ ಗಾಬರಿ. ಪ್ರಾಸ್ಟೇಟ್ ಕ್ಯಾನ್ಸರ್ ಎಂಬ ಮಾತು ಮನೆಯವರ ಕಿವಿಗೆ ಬೀಳುವುದು ಆಗಲೇ.

ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ವಯಸ್ಸಾದಂತೆ ಕ್ಯಾನ್ಸರ್ ಇಲ್ಲದೆಯೂ ದೊಡ್ಡದಾಗುತ್ತದೆ, ಪಿಎಸ್‌ಎ ಏರುತ್ತದೆ. ಕ್ಯಾನ್ಸರೇ ಆಗಿದ್ದರೂ ಅನೇಕರಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಕೆಲವರಲ್ಲಿ ಮಾತ್ರ ಬೇಗ ಮೂಳೆಗೆ ಹರಡುತ್ತದೆ. ಹಾಗಾಗಿ ಯಾರಿಗೆ ಆಪರೇಷನ್ ಬೇಕು, ಯಾರಿಗೆ ಬೇಡ ಎಂಬುದೇ ದೊಡ್ಡ ಪ್ರಶ್ನೆ. ಆಪರೇಷನ್ ಆದ ಮೇಲೆ ಕೆಲವರಿಗೆ ಮೂತ್ರ ಹಿಡಿದುಕೊಳ್ಳಲು ಆಗುವುದಿಲ್ಲ, ದಾಂಪತ್ಯಕ್ಕೂ ತೊಂದರೆಯಾಗುತ್ತದೆ. ನಮ್ಮ ಹಿರಿಯರು ಇದನ್ನು ಮಗನೆದುರು ಹೇಳಿಕೊಳ್ಳುವವರಲ್ಲ, ಸೊಸೆಯೆದುರು ಕೇಳಲೇ ಬೇಡಿ.

ಈ ಪ್ರಶ್ನೆಗೆ ಒಂದು ಮಟ್ಟದ ಉತ್ತರ ಸಿಕ್ಕಿದ್ದು ಬ್ರಿಟನ್ನಿನಲ್ಲಿ, ಅದೂ ಸರಕಾರದ ಹಣದಲ್ಲಿ. ‘ಪ್ರೊಟೆಕ್ಟ್’ ಎಂಬ ಅಧ್ಯಯನದಲ್ಲಿ, ಪಿಎಸ್‌ಎ ಪರೀಕ್ಷೆಯಿಂದ ರೋಗ ಪತ್ತೆಯಾದ 1,643 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಯಿತು. ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ರೇಡಿಯೇಷನ್, ಮೂರನೆಯದಕ್ಕೆ ಬರೀ ನಿಗಾ. 2023ರಲ್ಲಿ ಪ್ರಕಟವಾದ 15 ವರ್ಷಗಳ ಫಲಿತಾಂಶದ ಪ್ರಕಾರ, ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಮೂವರು. ನಿಗಾದಲ್ಲಿದ್ದವರಲ್ಲಿ ರೋಗ ಹರಡಿದ್ದು ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದೆ ಚಿಕಿತ್ಸೆ ಪಡೆದರು ಎಂಬುದನ್ನೂ ಮುಚ್ಚಿಡಬಾರದು. ಆದರೂ ಅವಸರ ಬೇಡ ಎಂದು ಧೈರ್ಯವಾಗಿ ಹೇಳಲು ವೈದ್ಯರಿಗೆ ಒಂದು ಆಧಾರ ಸಿಕ್ಕಿತು.

‘ಕಾದು ನೋಡಬಹುದು’ ಎಂಬ ಫಲಿತಾಂಶದಿಂದ ಔಷಧ ಕಂಪನಿಗೆ ಲಾಭವಿಲ್ಲ. ಆಪರೇಷನ್ನಿನ ರೋಬೋಟ್ ಯಂತ್ರಕ್ಕೆ ಕೋಟಿಗಟ್ಟಲೆ ಸುರಿದ ಆಸ್ಪತ್ರೆಗೂ ಇಲ್ಲ. ಇಂಥ ಸಂಶೋಧನೆಗೆ ಬಂಡವಾಳ ಹಾಕುವವರು ಸರಕಾರ ಬಿಟ್ಟರೆ ಬೇರಾರು?

ಆದರೆ ಆ 1,643 ಮಂದಿಯಲ್ಲಿ ಬಹುತೇಕ ಎಲ್ಲರೂ ಬಿಳಿಯರು. ಆ ಫಲಿತಾಂಶ ಸಿಂಧನೂರಿನ ನಿವೃತ್ತ ಮೇಷ್ಟರಿಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿಯೇ ಪರೀಕ್ಷಿಸಿ ತಿಳಿಯಬೇಕು. ಅದಕ್ಕೆ ಬೇಕಾದ ತಳಪಾಯ ಇಲ್ಲದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ರೋಗಿಗಳ ನೋಂದಣಿ ಮಾಡುತ್ತಿದೆ. ಹೈದರಾಬಾದಿನ ಲೆಕ್ಕವನ್ನು ನಿಮ್ಸ್ ಇಡುತ್ತಿದೆ. ಎರಡೂ ಸಾರ್ವಜನಿಕ ಸಂಸ್ಥೆಗಳೇ. ಎಣಿಕೆಯೇನೋ ನಡೆದಿದೆ, ವರ್ಷಾನುಗಟ್ಟಲೆ ರೋಗಿಗಳ ಬೆನ್ನುಹತ್ತಿ ನೋಡುವ ಅಧ್ಯಯನಕ್ಕೆ ಬೇಕಾದ ದುಡ್ಡು ಬೇರೆಯದೇ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಆರೋಗ್ಯ ಸಚಿವಾಲಯಕ್ಕೆ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸಂಶೋಧನಾ ಇಲಾಖೆಯ ಪಾಲು ಸುಮಾರು 3,900 ಕೋಟಿ. ನೂರು ರೂಪಾಯಿಗೆ ನಾಲ್ಕು ರೂಪಾಯಿಯೂ ಪೂರ್ತಿ ಇಲ್ಲ, ಅದೂ ಎಲ್ಲ ರೋಗಗಳಿಗೂ ಸೇರಿ.

ಬಾಯಿ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರ್ ಇರುವಾಗ ಮುದುಕರ ರೋಗಕ್ಕೆ ಇಷ್ಟು ಗಲಾಟೆ ಏಕೆ ಎನ್ನುವವರಿದ್ದಾರೆ. ಆಕ್ಷೇಪ ತಳ್ಳಿಹಾಕುವಂಥದಲ್ಲ. ಆದರೆ 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ಯೋಜನೆಯಲ್ಲಿ 70 ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು. ಖರ್ಚಿಗೆ ಖಜಾನೆಯ ಬಾಗಿಲು ತೆರೆದಾಗಿದೆ. ಯಾರಿಗೆ ಚಿಕಿತ್ಸೆ ಬೇಕೆಂದು ತಿಳಿಯದೆ ಮಾಡುವ ಖರ್ಚಿಗಿಂತ ತಿಳಿಯಲು ಮಾಡುವ ಖರ್ಚು ಕಡಿಮೆಯೇ ಆದೀತು. ಜಗತ್ತಿನಲ್ಲಿ ಈ ರೋಗದ ಹೊಸ ಪ್ರಕರಣಗಳು 2020ರ 14 ಲಕ್ಷದಿಂದ 2040ಕ್ಕೆ 29 ಲಕ್ಷಕ್ಕೇರುತ್ತವೆ ಎಂದು ‘ಲ್ಯಾನ್ಸೆಟ್’ ಆಯೋಗ 2024ರಲ್ಲಿ ಅಂದಾಜು ಮಾಡಿದೆ.

ಅಮೆರಿಕದಲ್ಲಿ ಹೆಂಗಸರು ಪಟ್ಟುಹಿಡಿದು ಕೇಳಿದ್ದರಿಂದ ಸ್ತನ ಕ್ಯಾನ್ಸರ್ ಸಂಶೋಧನೆಗೆ 1992ರಲ್ಲೇ ರಕ್ಷಣಾ ಇಲಾಖೆಯ ಬಜೆಟ್ಟಿನಲ್ಲಿ ಪ್ರತ್ಯೇಕ ಯೋಜನೆ ಬಂತು. ಪ್ರಾಸ್ಟೇಟ್‌ಗೆ ಬಂದದ್ದು 1997ರಲ್ಲಿ, 4.5 ಕೋಟಿ ಡಾಲರ್. ಗಂಡಸರು ಬಾಯಿ ಬಿಡುವುದು ಅಲ್ಲಿಯೂ ತಡವೇ!

ಕನ್ನಡ ಸಂಘಗಳು ಉಚಿತ ತಪಾಸಣಾ ಶಿಬಿರ ನಡೆಸುವುದು ಒಳ್ಳೆಯದೇ. ಆದರೆ ಪಿಎಸ್‌ಎ ಮಾಡಿಸಿ ಚೀಟಿ ಕೈಗಿಟ್ಟು ಕಳುಹಿಸಿದರೆ ಹಿರಿಯರಿಗೆ ಚಿಂತೆಯೊಂದೇ ಲಾಭ. ಈ ಸಲದ ರಾಜ್ಯೋತ್ಸವಕ್ಕೆ ಬರುವ ಜನಪ್ರತಿನಿಧಿಗಳಿಗೆ ಶಾಲು, ಹಾರದ ಜೊತೆಗೆ ಒಂದು ಮನವಿಯನ್ನೂ ಕೊಡಬೇಕು: ಕಿದ್ವಾಯಿ, ನಿಮ್ಸ್‌ನಂಥ ಸಂಸ್ಥೆಗಳನ್ನು ಸೇರಿಸಿ ಭಾರತೀಯ ಗಂಡಸರ ಮೇಲೆ ದೀರ್ಘಾವಧಿ ಅಧ್ಯಯನ ನಡೆಸಲು ಕೇಂದ್ರ ಹಣ ಕೊಡಲಿ ಎಂದು. ಮಾದಾಪುರ ಇರುವುದು ಚೇವೆಳ್ಳ ಲೋಕಸಭಾ ಕ್ಷೇತ್ರದಲ್ಲಿ. ಮನವಿ ಅಲ್ಲಿನ ಸಂಸದರಿಗೆ ಹೋಗಲಿ, ಒಂದು ಪ್ರತಿ ದೆಹಲಿಯ ಐಸಿಎಂಆರ್‌ಗೆ. ಸಹಿ ಹಾಕಲು 60 ದಾಟಿದ ಸದಸ್ಯರನ್ನೇ ಮೊದಲು ಕರೆಯಬೇಕು.