ಖಳನಾಯಕನ ಬಿಳಿ ಕೋಟು ಮತ್ತು ನಮ್ಮ ಮಕ್ಕಳು



ನಮ್ಮ ಸಂಘದ ಕಳೆದ ಮಕ್ಕಳ ದಿನಾಚರಣೆಯ ಛದ್ಮವೇಷ ಸ್ಪರ್ಧೆ ತಮಗೆಲ್ಲ ನೆನಪಿರಬಹುದು. ಎಂದಿನಂತೆ ಮೂವರು ಕಿತ್ತೂರು ಚೆನ್ನಮ್ಮಂದಿರು, ಇಬ್ಬರು ಕೃಷ್ಣರು, ಒಬ್ಬ ಬಸವಣ್ಣ, ಒಬ್ಬಳು ತರಕಾರಿ ಮಾರುವವಳು ವೇದಿಕೆಗೆ ಬಂದು ಹೋದರು. ಇವರ ನಡುವೆ ಹತ್ತು ವರ್ಷದ ಹುಡುಗನೊಬ್ಬ ಮೊಣಕಾಲು ಮುಟ್ಟುವ ಬಿಳಿ ಕೋಟು ತೊಟ್ಟು, ರಟ್ಟಿನ ಪೆಟ್ಟಿಗೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿದ ಯಂತ್ರವೊಂದನ್ನು ಹಿಡಿದು ಬಂದ. ತಾನು ಡಾಕ್ಟರ್ ಡೂಫನ್‌ಶ್ಮರ್ಟ್ಸ್ ಎಂದು ಹೇಳಿ, ಯಂತ್ರದ ಒಂದೊಂದು ಗುಂಡಿಯ ಕೆಲಸವನ್ನೂ ವಿವರಿಸತೊಡಗಿದ. ಕೊಟ್ಟಿದ್ದ ಸಮಯ ಎರಡು ನಿಮಿಷ. ಗಂಟೆ ಬಾರಿಸಿದರೂ ವಿವರಣೆ ಮುಗಿದಿರಲಿಲ್ಲ. ಯಾರೋ ಮೈಕು ಕಿತ್ತುಕೊಂಡರು, ಧ್ವನಿವರ್ಧಕ ಕಿರುಚಿತು, ಹುಡುಗ ಕಿವಿ ಮುಚ್ಚಿಕೊಂಡು ವೇದಿಕೆಯ ಮೇಲೆಯೇ ಕುಳಿತುಬಿಟ್ಟ. ಕೆಲವರು ನಕ್ಕರು.

ಆಮೇಲೆ ಚಹಾದ ಹೊತ್ತಿಗೆ ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು: "ಅಲ್ಲ ಮರಿ, ರಾಮ ಇದ್ದಾನೆ, ಕೃಷ್ಣ ಇದ್ದಾನೆ, ಹೋಗಿ ಹೋಗಿ ಆ ಖಳನಾಯಕನ ವೇಷ ಯಾಕೆ ಹಾಕಿದೆ?" ಹುಡುಗ ಹೇಳಿದ: "ಅವನಿಗೂ ನನ್ನ ಹಾಗೆ ಆಟಿಸಂ ಇದೆ ಅಜ್ಜಾ."

ಅಂದಿನಿಂದ ಈ ಮಾತು ಸಂಘದ ಮನೆಮನೆಗಳಲ್ಲಿ ಸುತ್ತುತ್ತಿದೆ. ದುಷ್ಟ ಪಾತ್ರವನ್ನು ಮಕ್ಕಳು ಆದರ್ಶವಾಗಿಟ್ಟುಕೊಳ್ಳುವುದು ತಪ್ಪು ಎಂದು ಕೆಲವರು. ಖಳನಾಯಕನಿಗೆ ಆಟಿಸಂ ಹಚ್ಚಿದರೆ ಆ ಮಕ್ಕಳಿಗೇ ಅವಮಾನ ಎಂದು ಮತ್ತೆ ಕೆಲವರು. ವೈದ್ಯರಲ್ಲದವರು ಕಾರ್ಟೂನಿಗೆ ರೋಗ ಕಂಡುಹಿಡಿಯುವುದೇ ಎಂದು ಇನ್ನೂ ಕೆಲವರು. ಇದನ್ನು ಬರೆಯುತ್ತಿರುವ ನಾವು ಸಂಘದ ಮೂರು ಮನೆಯವರು. ಮೂರೂ ಮನೆಗಳಲ್ಲಿ ಆಟಿಸಂ ಇರುವ ಮಕ್ಕಳಿದ್ದಾರೆ. ಅವರ ಸಲುವಾಗಿ ನಮ್ಮ ಹೆಸರು ಹಾಕಿಲ್ಲ, ಕ್ಷಮಿಸಬೇಕು. ಆದರೆ ಹೇಳಬೇಕಾದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ತಪ್ಪು ಕಂಡವರು ಆ ಪಾತ್ರವನ್ನೂ ನೋಡಿಲ್ಲ, ಹುಡುಗನನ್ನೂ ನೋಡಿಲ್ಲ.

ಗೊತ್ತಿಲ್ಲದ ಹಿರಿಯರಿಗಾಗಿ ಎರಡು ಮಾತು. 'ಫಿನಿಯಸ್ ಅಂಡ್ ಫರ್ಬ್' ಎಂಬುದು ಡ್ಯಾನ್ ಪೊವೆನ್‌ಮೈರ್ ಮತ್ತು ಜೆಫ್ ಮಾರ್ಷ್ ಎಂಬ ಇಬ್ಬರು ಸೃಷ್ಟಿಸಿದ, 2007ರಲ್ಲಿ ಡಿಸ್ನಿ ಚಾನೆಲ್‌ನಲ್ಲಿ ಆರಂಭವಾದ ಕಾರ್ಟೂನ್ ಧಾರಾವಾಹಿ. ಹೊರಗೆ ಕಾಲಿಡಲಾಗದ ಇಲ್ಲಿನ ಬೇಸಿಗೆಯಲ್ಲಿ ನಮ್ಮ ಮಕ್ಕಳು ಇದನ್ನು ನೋಡಿಯೇ ಬೆಳೆದರು. ಅದರ ಖಳನಾಯಕನೇ ಈ ಡೂಫನ್‌ಶ್ಮರ್ಟ್ಸ್. ಪೊವೆನ್‌ಮೈರ್ ಅವರೇ ಅವನಿಗೆ ಧ್ವನಿ ಕೊಟ್ಟಿದ್ದಾರೆ. ಅವನಿಗೆ ಇಡೀ ಜಗತ್ತು ಬೇಡ, ತಾನಿರುವ ಪ್ರಾಂತ್ಯವೊಂದನ್ನು ಆಳಿದರೆ ಸಾಕು. ಅದಕ್ಕಾಗಿ ದಿನಕ್ಕೊಂದು ಹೊಸ ಯಂತ್ರ ಕಟ್ಟುತ್ತಾನೆ. ಪ್ರತಿ ಯಂತ್ರದ ಹೆಸರೂ ಒಂದೇ ಬಗೆಯ ಬಾಲದಿಂದ ಮುಗಿಯಬೇಕು. ಅವನನ್ನು ತಡೆಯಲು ಪೆರ್ರಿ ಎಂಬ ಪ್ಲಾಟಿಪಸ್ ಪ್ರಾಣಿ ಗುಪ್ತಚರನಾಗಿ ಬರುತ್ತದೆ. ಶತ್ರು ಸಿಕ್ಕಿಬಿದ್ದ ಕೂಡಲೇ ಯಾವ ಜಾಣ ಖಳನಾಯಕನೂ ಮಾಡದ ಕೆಲಸವನ್ನು ಇವನು ಮಾಡುತ್ತಾನೆ: ಯಂತ್ರ ಏನು, ಯಾಕೆ, ಬಾಲ್ಯದ ಯಾವ ನೋವಿನಿಂದ ಇದು ಹುಟ್ಟಿತು ಎಂದು ಮೊದಲಿನಿಂದ ಕೊನೆಯವರೆಗೆ ವಿವರಿಸುತ್ತಾನೆ.

ನಮ್ಮ ಮಕ್ಕಳು ಇದರಲ್ಲಿ ಏನು ಕಂಡರು? ಮನಸ್ಸಿಗೆ ಹಿಡಿದ ಒಂದು ವಿಷಯದ ಬಗ್ಗೆ ನಿಲ್ಲಿಸಲಾಗದೆ ಮಾತಾಡುವುದನ್ನು ಕಂಡರು. ದಿನವೂ ಒಂದೇ ಕ್ರಮದಲ್ಲಿ ಎಲ್ಲ ನಡೆಯಬೇಕು, ಪೆರ್ರಿ ಬಾರದಿದ್ದರೆ ದಿನವೇ ಕೆಟ್ಟಿತು ಎನ್ನುವ ಕಳವಳವನ್ನು ಕಂಡರು. ಇನ್ನೊಂದು ನಗೆಯ ಸಂಗತಿಯಿದೆ: ಪೆರ್ರಿ ಟೊಪ್ಪಿ ತೆಗೆದರೆ ಡೂಫನ್‌ಶ್ಮರ್ಟ್ಸ್‌ಗೆ ಗುರುತೇ ಸಿಗದು, ಟೊಪ್ಪಿ ಇಟ್ಟ ಕ್ಷಣವೇ ಗುರುತು ಸಿಗುತ್ತದೆ. ಎಲ್ಲರೂ ಇದಕ್ಕೆ ನಗುತ್ತಾರೆ. ನಮ್ಮ ಮೂವರಲ್ಲಿ ಒಬ್ಬರ ಮಗಳು ನಗಲಿಲ್ಲ. ತರಗತಿಯ ಗೆಳತಿಯರನ್ನು ಅವಳು ಗುರುತಿಸುವುದು ಮುಖದಿಂದಲ್ಲ, ಬ್ಯಾಗಿನಿಂದ. "ಇವನಿಗೂ ಹೀಗೇ ಆಗುತ್ತದಾ ಅಮ್ಮಾ?" ಎಂದು ಅವಳು ಕೇಳಿದ ದಿನ ಆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅದು ದುಃಖದಿಂದಲ್ಲ. ಮಗಳ ಕಷ್ಟವೊಂದಕ್ಕೆ ಅಂದು ಮೊದಲ ಸಲ ಮಾತು ಸಿಕ್ಕಿತ್ತು.

ಹೌದು, ಅವನಿಗೆ ಆಟಿಸಂ ಇದೆ ಎಂದು ಧಾರಾವಾಹಿ ಹೇಳುವುದಿಲ್ಲ. ಇದು ನೋಡಿದವರ ಓದು. ಬರೆದ ಚಿತ್ರಕ್ಕೆ ಯಾರೂ ಔಷಧಿ ಚೀಟಿ ಕೊಡುತ್ತಿಲ್ಲ. ಮಗುವೊಂದು "ಅವನು ನನ್ನ ಹಾಗೆ" ಎನ್ನುವುದು ಬೇರೆ, ದೊಡ್ಡವರು ಯಾರನ್ನೋ ತೋರಿಸಿ "ವಿಚಿತ್ರ ಆಸಾಮಿ, ಆಟಿಸಂ ಇರಬೇಕು" ಎನ್ನುವುದು ಬೇರೆ. ಮೊದಲನೆಯದು ಕೈಚಾಚುವುದು, ಎರಡನೆಯದು ಬೆರಳು ತೋರಿಸುವುದು. ಎರಡನೆಯದನ್ನು ನಾವೆಲ್ಲ ಸಂಕೋಚವಿಲ್ಲದೆ ಮಾಡುತ್ತೇವೆ, ಮೊದಲನೆಯದಕ್ಕೆ ಮಾತ್ರ ನಮ್ಮ ಆಕ್ಷೇಪ!

ಇನ್ನು ದುಷ್ಟ ಪಾತ್ರದ ಮಾತು. ಕನ್ನಡಿಗರಿಗೆ ಇದು ಶೋಭಿಸುವ ಆಕ್ಷೇಪವೇ? ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದಾಗ ಕಥಾನಾಯಕ ಅರ್ಜುನ, ಆದರೆ ಓದುಗರ ಮನಸ್ಸಿನಲ್ಲಿ ಉಳಿದವನು ಕರ್ಣ. ರನ್ನನ ಗದಾಯುದ್ಧದಲ್ಲಿ ಗೆದ್ದವನು ಭೀಮ, ಕಣ್ಣೀರು ತರಿಸಿದವನು ದುರ್ಯೋಧನ. ನಾಗಚಂದ್ರನ ರಾವಣನನ್ನು ಬರೀ ರಾಕ್ಷಸನೆಂದು ಯಾವ ಮೇಷ್ಟ್ರೂ ಪಾಠ ಮಾಡಲಿಲ್ಲ. ನಮ್ಮಲ್ಲಿ ಕರಾವಳಿಯವರು ಬಹಳ ಮಂದಿ ಇದ್ದೀರಿ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವರು ಅವನ ಪಕ್ಷವನ್ನು ಗಟ್ಟಿಯಾಗಿ ವಾದಿಸದಿದ್ದರೆ ನೀವೇ ಎದ್ದು ಹೋಗುತ್ತೀರಲ್ಲವೇ? ಎದುರಾಳಿಯ ಎದೆಯೊಳಗೆ ಇಣುಕುವುದನ್ನು ಸಾವಿರ ವರ್ಷದಿಂದ ವಿದ್ಯೆ ಎಂದು ಕರೆದ ನಾವು, ಹತ್ತು ವರ್ಷದ ಹುಡುಗ ಅದನ್ನೇ ಮಾಡಿದರೆ ಕೆಟ್ಟ ಅಭ್ಯಾಸ ಎನ್ನುತ್ತೇವೆ.

ಅವಮಾನವಾಗುತ್ತದೆ ಎಂದವರ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿದೆ, ಅದನ್ನು ಒಪ್ಪುತ್ತೇವೆ. 'ಆಟಿಸಂ ಇದೆ, ಆದ್ದರಿಂದ ದುಷ್ಟ' ಎಂದು ಯಾರಾದರೂ ಓದಿದರೆ ಅದು ಸುಳ್ಳು, ಅನ್ಯಾಯ. ಆಟಿಸಂ ಎಂಬುದು ಮೆದುಳು ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಬೆಳೆಯುವ ಬಗೆ. ಅದಕ್ಕೂ ದುಷ್ಟತನಕ್ಕೂ ಸಂಬಂಧವಿಲ್ಲ. ಡೂಫನ್‌ಶ್ಮರ್ಟ್ಸ್‌ನ ಕಥೆಯಲ್ಲಿ ಇನ್ನೊಂದು ಅಪಾಯವೂ ಇದೆ. ತನ್ನ ಕೇಡಿಗೆಲ್ಲ ಅವನು ಕೊಡುವ ಕಾರಣ ತಂದೆತಾಯಿ. ಅವನು ಹುಟ್ಟುವಾಗ ಇಬ್ಬರೂ ಹಾಜರಿರಲಿಲ್ಲವಂತೆ, ಹುಡುಗನನ್ನು ತೋಟದ ಗೊಂಬೆಯ ಹಾಗೆ ರಾತ್ರಿಯಿಡೀ ಹೊರಗೆ ನಿಲ್ಲಿಸಿದರಂತೆ, ಪ್ರೀತಿಯೆಲ್ಲ ತಮ್ಮ ರೋಜರ್‌ಗೆ ಹೋಯಿತಂತೆ. ಹಾಸ್ಯವಾಗಿ ಇದು ಚೆನ್ನ. ಆದರೆ ಆಟಿಸಂಗೂ ಇದೇ ಕಾರಣವೆಂದು ಭಾವಿಸಿದರೆ ನಾವು ಹಳೆಯ ಕೆಸರಿಗೇ ಬೀಳುತ್ತೇವೆ.

ಆ ಕೆಸರು ಯಾವುದು? ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಆಟಿಸಂ ಬಗ್ಗೆ ಬರೆದ ನಂತರದ ಎರಡು ಮೂರು ದಶಕ, ತಾಯಿಯ ಎದೆ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂಬ ವಾದ ಮೆರೆಯಿತು. 'ರೆಫ್ರಿಜರೇಟರ್ ತಾಯಂದಿರು' ಎಂದೇ ಹೆಸರಿಟ್ಟರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಇದನ್ನೇ ದೊಡ್ಡ ಪುಸ್ತಕ ಮಾಡಿದರು. ಆದರೆ ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿಯೇ ಇದು ದೇಹಸಂಬಂಧಿ, ತಾಯಿಯ ದೋಷವಲ್ಲ ಎಂದು ಬರೆದಿದ್ದರು. ಮುಂದಿನ ಸಂಶೋಧನೆ ಅವರ ಪರವಾಗಿಯೇ ನಿಂತಿತು. ವಂಶವಾಹಿಗಳ ಪಾತ್ರ ದೊಡ್ಡದೆಂದು ಇಂದು ಎಲ್ಲರಿಗೂ ಗೊತ್ತು.

ಎಲ್ಲರಿಗೂ ಗೊತ್ತೇ? ನಮ್ಮ ಸಂಘದ ಊಟದ ಸಾಲಿನಲ್ಲಿ ನಿಂತು ಕೇಳಿ. "ತಾಯಿ ಕೆಲಸಕ್ಕೆ ಹೋಗುತ್ತಾಳೆ, ಮಗು ಟಿವಿ ಮುಂದೆ", "ಫ್ಲಾಟಿನಲ್ಲಿ ಬೆಳೆದದ್ದಲ್ಲವೇ, ಅಜ್ಜಿ ತಾತ ಇಲ್ಲ", "ಊರಿಗೆ ಕಳುಹಿಸಿ, ತಾನಾಗಿ ಸರಿಹೋಗುತ್ತದೆ". ಇವೆಲ್ಲ ನಮ್ಮ ಕಿವಿಗೇ ಬಿದ್ದ ಮಾತುಗಳು. ಬೆಟಲ್‌ಹೈಮ್ ಪುಸ್ತಕ ಓದದೆಯೇ ಅದನ್ನು ಬಾಯಿಪಾಠ ಮಾಡಿದಂತಿದೆ! ತಾನಾಗಿ ಸರಿಹೋಗಲಿ ಎಂದು ಕಾದು, ಮಾತಿನ ತರಬೇತಿಯ ಎರಡು ಅಮೂಲ್ಯ ವರ್ಷ ಕಳೆದುಕೊಂಡ ಮನೆ ನಮ್ಮ ಮೂರರಲ್ಲೇ ಒಂದು.

ಇನ್ನೊಂದು ಕಾರ್ಟೂನಿನ ಉದಾಹರಣೆ ಕೊಡುತ್ತೇವೆ. 2018ರಿಂದ 2020ರವರೆಗೆ ಬಂದ 'ಶೀ-ರಾ'ದಲ್ಲಿ ಎಂಟ್ರಾಪ್ಟಾ ಎಂಬ ರಾಜಕುಮಾರಿ ಇದ್ದಾಳೆ, ಯಂತ್ರಗಳೆಂದರೆ ಜೀವ. ಅವಳಿಗೆ ಆಟಿಸಂ ಇದೆ ಎಂಬುದನ್ನು ಧಾರಾವಾಹಿ ಮಾಡಿದವರೇ ಒಪ್ಪಿದ್ದಾರೆ. ಅವಳು ಶತ್ರುಪಕ್ಷ ಸೇರುವುದು ಯಾವಾಗ? ಗೆಳತಿಯರು ಅವಳು ಸತ್ತಳೆಂದುಕೊಂಡು ಬಿಟ್ಟುಬಂದ ಮೇಲೆ. ಶತ್ರುಗಳು ಅವಳಿಗೆ ಕೆಲಸ ಕೊಟ್ಟರು, ಅವಳ ಮಾತು ಕೇಳಿದರು. ಕರ್ಣ ಯಾಕೆ ಕೌರವನ ಪಕ್ಷದಲ್ಲಿದ್ದ ಎಂದು ನಾವು ಮಕ್ಕಳಿಗೆ ಹೇಳುವುದೂ ಇದೇ ಕಥೆಯಲ್ಲವೇ? ತುಂಬಿದ ಸಭೆಯಲ್ಲಿ ಕುಲ ಕೇಳಿ ಹೀಯಾಳಿಸಿದವರು ಒಳ್ಳೆಯವರ ಕಡೆಯವರು, ಕರೆದು ಪಕ್ಕದಲ್ಲಿ ಕೂರಿಸಿಕೊಂಡವನು ದುರ್ಯೋಧನ. ನಮ್ಮ ಮಕ್ಕಳು ನಾಯಕರ ಸಾಲಿನಲ್ಲಿ ತಮ್ಮಂಥವರನ್ನು ಕಾಣದೆ ಖಳನಾಯಕರ ಸಾಲಿನಲ್ಲಿ ಹುಡುಕುತ್ತಿದ್ದರೆ, ನಾಚಿಕೆಯಾಗಬೇಕಾದದ್ದು ಮಕ್ಕಳಿಗಲ್ಲ.

ಆಟಿಸಂ ಇರುವವರಿಗೆ ಇನ್ನೊಬ್ಬರ ಮನಸ್ಸು ತಿಳಿಯದು ಎಂಬ ಮಾತು ಬಹುಕಾಲದಿಂದ ಬಂದಿದೆ. ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ವಿದ್ವಾಂಸರು 2012ರಲ್ಲಿ ಮರುಪ್ರಶ್ನೆ ಹಾಕಿದರು: ಅರಿಯದಿರುವುದು ಎರಡೂ ಕಡೆಯಲ್ಲವೇ? ಆ ದಿನ ವೇದಿಕೆಯ ಮೇಲೆ ಹುಡುಗನಿಗೆ ಸಭೆಯ ಮನಸ್ಸು ತಿಳಿಯಲಿಲ್ಲ, ಸರಿ. ಇನ್ನೂರು ಜನರ ಸಭೆಗೆ ಒಬ್ಬ ಹುಡುಗನ ಮನಸ್ಸು ತಿಳಿಯಿತೇ?

ನಾವಿರುವ ನೆಲವನ್ನಾದರೂ ನೋಡಿ ಕಲಿಯೋಣ. ಏಪ್ರಿಲ್ 2ನ್ನು ವಿಶ್ವ ಆಟಿಸಂ ಅರಿವಿನ ದಿನವಾಗಿ ಆಚರಿಸಬೇಕೆಂದು ವಿಶ್ವಸಂಸ್ಥೆಯ ಮುಂದೆ ಪ್ರಸ್ತಾವ ಇಟ್ಟದ್ದು ಇದೇ ಕತಾರ್. ಶೇಖಾ ಮೋಜಾ ಬಿಂತ್ ನಾಸರ್ ಅವರ ಆಸಕ್ತಿಯಿಂದ ಬಂದ ಆ ನಿರ್ಣಯ 2007ರ ಡಿಸೆಂಬರ್ 18ರಂದು ಅಂಗೀಕಾರವಾಯಿತು, 2008ರಿಂದ ಆಚರಣೆ ನಡೆದಿದೆ. 2019ರಲ್ಲಿ ಪ್ರಕಟವಾದ ಇಲ್ಲಿನ ರಾಷ್ಟ್ರೀಯ ಅಧ್ಯಯನದ ಪ್ರಕಾರ 6ರಿಂದ 11 ವರ್ಷದ 87 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇದೆ. ಅಂದರೆ ನಮ್ಮ ಮಕ್ಕಳ ದಿನಾಚರಣೆಗೆ ನೂರು ಮಕ್ಕಳು ಸೇರಿದರೆ ಒಂದು ಮಗುವಾದರೂ ಇರುವ ಲೆಕ್ಕ. 2022ರ ವಿಶ್ವಕಪ್‌ನಲ್ಲಿ ಲುಸೈಲ್, ಅಲ್ ಬೈತ್ ಮುಂತಾದ ಕ್ರೀಡಾಂಗಣಗಳಲ್ಲಿ ಗದ್ದಲ ತಾಳದ ಮಕ್ಕಳಿಗೆಂದೇ ಶಾಂತ ಕೋಣೆ ಇತ್ತು. ಅಷ್ಟು ದೊಡ್ಡ ಜಾತ್ರೆಯಲ್ಲಿ ಸಾಧ್ಯವಾದದ್ದು ನಮ್ಮ ರಾಜ್ಯೋತ್ಸವದಲ್ಲಿ ಸಾಧ್ಯವಿಲ್ಲವೇ?

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಾವು ನಾಲ್ಕು ಬೇಡಿಕೆ ಇಡುತ್ತೇವೆ. ಒಂದು, ಪ್ರತಿ ಕಾರ್ಯಕ್ರಮದಲ್ಲಿ ಒಂದು ಕೋಣೆಯನ್ನು ಸದ್ದಿಲ್ಲದೆ, ಮಂದ ಬೆಳಕಿನಲ್ಲಿ ಇಟ್ಟಿರಬೇಕು. ಖರ್ಚು ಏನೂ ಇಲ್ಲ, ಬೀಗದ ಕೈ ಒಬ್ಬರ ಬಳಿ ಇದ್ದರೆ ಸಾಕು. ಎರಡು, ಧ್ವನಿವರ್ಧಕವನ್ನು ಮನುಷ್ಯರ ಕಿವಿಗೆ ಹೊಂದುವಷ್ಟು ಇಡಬೇಕು. ಇದರಿಂದ ಅಜ್ಜ ಅಜ್ಜಿಯರಿಗೂ ಉಪಕಾರ. ಮೂರು, ಮಕ್ಕಳ ಸ್ಪರ್ಧೆಯಲ್ಲಿ ಹೆಚ್ಚು ಸಮಯ ಬೇಕಾದವರಿಗೆ ಮೊದಲೇ ತಿಳಿಸಿದರೆ ಕೊಡಬೇಕು. ನಾಲ್ಕು, ಏಪ್ರಿಲ್ ತಿಂಗಳ ಸಭೆಗೆ ತಿಳಿದ ವೈದ್ಯರೊಬ್ಬರನ್ನು ಕರೆಸಬೇಕು. ಆ ಸಭೆಗೆ ಆಟಿಸಂ ಇಲ್ಲದ ಮಕ್ಕಳ ತಂದೆತಾಯಿಯರೇ ಮುಖ್ಯವಾಗಿ ಬರಬೇಕು.

ಕೊನೆಗೊಂದು ಮಾತು. ಈ ಕಥೆ ನೋಡದವರಿಗೆ ಗೊತ್ತಿರಲಿಕ್ಕಿಲ್ಲ: ಧಾರಾವಾಹಿಯ ಮೊದಲ ಸರಣಿ 2015ರಲ್ಲಿ ಮುಗಿದಾಗ ಡೂಫನ್‌ಶ್ಮರ್ಟ್ಸ್ ದುಷ್ಟತನ ಬಿಟ್ಟ. ಪೆರ್ರಿ ಸೋಲಿಸಿದ್ದಕ್ಕಲ್ಲ, ಮಗಳು ವೆನೆಸ್ಸಾಳಿಗಾಗಿ. 1.14 ಪ್ರತಿಶತದ ಲೆಕ್ಕದಲ್ಲಿ ಬರುವ ನಮ್ಮ ಹುಡುಗನಿಗೆ ಇದು ಚೆನ್ನಾಗಿ ಗೊತ್ತು. ಅಂದು ಮೈಕು ಕಿತ್ತುಕೊಳ್ಳದಿದ್ದರೆ ಅವನು ಹೇಳಲಿದ್ದ ಕೊನೆಯ ಗುಂಡಿಯ ಕೆಲಸ ಅದೇ ಆಗಿತ್ತು: ಯಂತ್ರವನ್ನು ತಾನೇ ನಿಲ್ಲಿಸುವ ಗುಂಡಿ. ಮುಂದಿನ ವರ್ಷವೂ ಅವನು ಅದೇ ಬಿಳಿ ಕೋಟಿನಲ್ಲಿ ಬರುತ್ತಾನೆ. ದಯವಿಟ್ಟು ನಾಲ್ಕು ನಿಮಿಷ ಕೊಡಿ, ಪೂರ್ತಿ ಕೇಳಿ.

ಇಂತು ತಮ್ಮವರೇ ಆದ,
ಸಂಘದ ಮೂರು ಮನೆಯವರು
ದೋಹಾ